ಬೇಡಕ್ಕ ಟೀಚರನ್ನು ನೀರಿಗಿಳಿಸಿದ್ದು

ಅಪ್ಪ ಅಮ್ಮ ಇಟ್ಟ ಹೆಸರೊಂದು ಅವಳಿಗೂ ಇತ್ತು. ಆದರೆ ಅದು ಉಳಿದಿದ್ದು ಹಾಜರಿ ಪುಸ್ತಕದಲ್ಲಿ ಮಾತ್ರ. ಕಡಲದಂಡೆಯ ಮೇಲೆ ಅವಳು ಎಲ್ಲರಿಗೂ ಬೇಡಕ್ಕ. ಎದುರಿಗೆ ಹಾಗೆ ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ, ಬೆನ್ನ ಹಿಂದೆ ಬೇರೆ ಹೆಸರೂ ಇರಲಿಲ್ಲ.

ಅವಳು ದಂಡೆಯ ಕಾವಲುಗಾರ್ತಿ. ಇಪ್ಪತ್ತನಾಲ್ಕು ವರ್ಷಗಳಿಂದ ಅಗಲ ಟೋಪಿ ಹಾಕಿಕೊಂಡು, ಕೊರಳಿಗೊಂದು ಸೀಟಿ ತಗುಲಿಸಿಕೊಂಡು, ಮರದ ಅಟ್ಟಣೆಯ ಮೇಲೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದವಳು. ಯಾರಾದರೂ ಬಂಡೆಯ ಕಡೆ ಹೆಜ್ಜೆ ಹಾಕಿದರೆ ಒಂದು ಸೀಟಿ, ಆಮೇಲೆ "ಬೇಡ!" ಊಟ ಮುಗಿಸಿದ ತಕ್ಷಣ ನೀರಿಗೆ ಹೊರಟವರಿಗೆ "ಬೇಡ". ಗಾಳಿಯಲ್ಲಿ ಕೊಡೆ ಬಿಚ್ಚಿದವರಿಗೆ, ಹೆಂಡತಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಅಲೆಗೆ ಎದೆಯೊಡ್ಡಿದ ಹೊಸ ಗಂಡಂದಿರಿಗೆ, ನೀರಿನ ಅಂಚಿನಲ್ಲಿ ಏಡಿ ಹಿಡಿಯಲು ಹೋದ ನಾಯಿಗೆ ಕೂಡ ಅದೇ ಮಾತು. ನಾಯಿ ತಕ್ಷಣ ಕೇಳುತ್ತಿತ್ತು. ಗಂಡಂದಿರು ಎರಡನೇ ಸೀಟಿಗೆ ಕೇಳುತ್ತಿದ್ದರು.

ಇಷ್ಟು ವರ್ಷಗಳಲ್ಲಿ ಐವತ್ತೆಂಟು ಜನರನ್ನು ನೀರಿನಿಂದ ಎಳೆದು ತಂದಿದ್ದಳು. ಮೊದಲನೆಯವನು ಉಸಿರು ಬಂದ ಕೂಡಲೇ ಹೇಳಿದ್ದು, "ನನ್ನ ಕನ್ನಡಕ ಎಲ್ರೀ?" ಎಂದು. ಅವಳು ಮತ್ತೆ ನೀರಿಗೆ ಹಾರಿ ಕನ್ನಡಕ ಹುಡುಕಲಿಲ್ಲವೆಂದು ಅವನು ಕಚೇರಿಗೆ ದೂರನ್ನೂ ಬರೆದ. ಅಂದಿನಿಂದ ಅವಳು ಒಂದು ನಿರ್ಧಾರಕ್ಕೆ ಬಂದಿದ್ದಳು: ಜನರನ್ನು ಕಾಪಾಡುವುದಕ್ಕಿಂತ ನೀರಿಗೇ ಬಿಡದಿರುವುದು ಸುಲಭ.

ದೋಣಿ ಕಟ್ಟುವ ಶೆಡ್ಡಿನ ಹಿಂದೆ ಎರಡು ಕೋಣೆಯ ಮನೆ. ಗಂಡ ದೋಣಿ ಬಡಗಿ. ಮಾತು ಕಡಿಮೆ, ಕಿವಿಯ ಮೇಲೊಂದು ಪೆನ್ಸಿಲ್ಲು, ಸೊಂಟದಲ್ಲೊಂದು ಅಳತೆ ಪಟ್ಟಿ. ಏನು ಕೇಳಿದರೂ "ನೋಡೋಣ" ಅನ್ನುತ್ತಿದ್ದ. ಮಾಡು ಸೋರುತ್ತಿದೆ ಅಂದರೆ ನೋಡೋಣ, ತಂಗಿಯ ಮನೆಗೆ ಹೋಗಿ ಬರೋಣ ಅಂದರೆ ನೋಡೋಣ. "ಬೇಡ" ಮತ್ತು "ನೋಡೋಣ" ಒಂದೇ ಸೂರಿನಡಿ ಇಪ್ಪತ್ತೇಳು ವರ್ಷ ಸಂಸಾರ ಮಾಡಿದ್ದು ಹೇಗೆ ಎಂದು ನೆರೆಹೊರೆಯವರಿಗೆ ಬಹಳ ಆಶ್ಚರ್ಯವಿತ್ತು. ಆದರೆ ಮಾಡು ಸೋರುವುದು ನಿಂತಿತ್ತು, ತಂಗಿಯ ಮನೆಗೂ ಹೋಗಿ ಬಂದಿದ್ದರು. ಅವನು ನೋಡೋಣ ಅಂದಮೇಲೆ ನಿಜವಾಗಿಯೂ ನೋಡುತ್ತಿದ್ದ.

ಒಂದು ಬೆಳಿಗ್ಗೆ ಏಳು ಗಂಟೆಗೆ ಇಬ್ಬರು ಹೆಂಗಸರು ಬಂದರು. ದಂಡೆಗೆ ಬರುವ ಸಿಮೆಂಟಿನ ದಾರಿ ಒಂದು ಕಡೆ ತಟ್ಟನೆ ನಿಲ್ಲುತ್ತದೆ. ಅಲ್ಲಿಂದ ಐದು ಮೆಟ್ಟಿಲು ಇಳಿದರೆ ಮರಳು. ಆ ಮೆಟ್ಟಿಲುಗಳ ತುದಿಯಲ್ಲಿ ವೀಲ್‌ಚೇರ್ ನಿಂತಿತು. ಕೂತವರಿಗೆ ಎಪ್ಪತ್ತು ದಾಟಿರಬೇಕು. ತಳ್ಳುತ್ತಿದ್ದವರು ಅವರಿಗಿಂತ ಎರಡು ವರ್ಷ ಚಿಕ್ಕವರು, ಕೈಯಲ್ಲಿ ಕೊಡೆ. ಅರ್ಧ ಗಂಟೆ ಸಮುದ್ರ ನೋಡಿದರು, ಹೋದರು. ಮರುದಿನವೂ ಬಂದರು. ಮೂರನೇ ದಿನ ಬೇಡಕ್ಕ ಅಟ್ಟಣೆಯಿಂದ ಇಳಿದು ಹತ್ತಿರ ಹೋದಳು. ಹೋದವಳು ಗಕ್ಕನೆ ನಿಂತು ಟೋಪಿ ತೆಗೆದಳು.

"ಭೂಗೋಳ ಟೀಚರ್!"

"ಗುರುತು ಸಿಕ್ತಾ? ನಂಗೆ ಮೊದಲ ದಿನವೇ ಸಿಕ್ತು ನಿಂದು. ನಕಾಶೆಯಲ್ಲಿ ಸಮುದ್ರಕ್ಕೆ ಹಸಿರು ಬಣ್ಣ ಹಚ್ಚಿದವಳಲ್ವೇನೇ ನೀನು?"

ಐವತ್ತೆರಡು ವರ್ಷದ ಬೇಡಕ್ಕನ ಕಿವಿ ಕೆಂಪಾಯಿತು. "ನೀಲಿ ಪೆನ್ಸಿಲ್ ಮುಗ್ದಿತ್ತು ಟೀಚರ್."

"ಅವತ್ತೂ ಅದನ್ನೇ ಹೇಳಿದ್ದೆ. ಅವತ್ತೂ ನಾನು ನಂಬಿರಲಿಲ್ಲ."

ಟೀಚರ್‌ಗೆ ಬೆನ್ನುಹುರಿಯ ಕಾಯಿಲೆ ಬಂದು, ಸೊಂಟದ ಕೆಳಗಿನ ಶಕ್ತಿ ಹೋಗಿ ಎರಡು ವರ್ಷವಾಗಿತ್ತು. ಮದುವೆಯಾಗಿರಲಿಲ್ಲ, ತಂಗಿಯೇ ಜೊತೆ. ಶಾಲೆಯಲ್ಲಿ ಮೂವತ್ತೊಂದು ವರ್ಷ ಭೂಗೋಳ ಕಲಿಸಿದ್ದರು.

"ಉಬ್ಬರ ಅಂದೆ, ಇಳಿತ ಅಂದೆ, ಚಂದ್ರ ಎಳೀತಾನೆ ಅಂತೆಲ್ಲ ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ತೋರಿಸ್ದೆ. ಆದ್ರೆ ಮೊಣಕಾಲಿಗಿಂತ ಮೇಲಕ್ಕೆ ನೀರಿಗೆ ಇಳಿದವಳಲ್ಲ. ಬಟ್ಟೆ ಒದ್ದೆಯಾಗುತ್ತೆ ಅಂತ, ಮಕ್ಕಳು ನೋಡ್ತಾರೆ ಅಂತ. ಈಗ ಇಳೀಬೇಕು ಅನ್ನಿಸ್ತಿದೆ. ಇಳಿಸ್ತೀಯಾ?"

"ಬೇಡ ಟೀಚರ್" ಎಂದಳು ಬೇಡಕ್ಕ. ಯೋಚಿಸಿ ಹೇಳಿದ್ದಲ್ಲ, ಸೀನು ಬಂದ ಹಾಗೆ ಬಂದುಬಿಟ್ಟಿತ್ತು.

"ಯಾಕೆ?"

"ನಿಯಮ ಇದೆ."

"ಎಲ್ಲಿದೆ? ತೋರ್ಸು."

ಮೆಟ್ಟಿಲಿನ ಪಕ್ಕದಲ್ಲೇ ನಿಯಮಗಳ ಫಲಕವಿತ್ತು. ಟೀಚರ್ ಕನ್ನಡಕ ಹಾಕಿಕೊಂಡು ಉತ್ತರ ಪತ್ರಿಕೆ ತಿದ್ದುವ ಗಾಂಭೀರ್ಯದಲ್ಲಿ ಹದಿನಾಲ್ಕೂ ನಿಯಮ ಓದಿದರು. "ಕುಡಿದು ಇಳಿಯಬಾರದು. ಕುಡಿದಿಲ್ಲ. ಗಾಜಿನ ಬಾಟಲಿ ತರಬಾರದು. ತಂದಿಲ್ಲ. ನಾಯಿಯನ್ನು ಬಿಡಬಾರದು..." ಎಂದು ತಂಗಿಯ ಕಡೆ ತಿರುಗಿ, "ನಾನು ನಾಯಿ ಅಲ್ಲ ತಾನೇ?" ಎಂದರು. ತಂಗಿ ಕೊಡೆಯ ಮರೆಗೆ ಸರಿದು ನಕ್ಕರು.

"ನಿಯಮ ಇಲ್ಲ ಕಣೇ. ಆಗಲ್ಲ ಅನ್ನೋದಾದ್ರೆ ಬರೆದು ಕೊಡು. ಯಾಕಾಗಲ್ಲ ಅನ್ನೋದನ್ನೂ ಸೇರಿಸಿ ಬರಿ. ಕಾಗುಣಿತ ತಪ್ಪಬಾರದು."

ಬರೆದು ಕೊಡುವ ಅಧಿಕಾರ ಬೇಡಕ್ಕನಿಗಿರಲಿಲ್ಲ. ಅವಳು ಪ್ರವಾಸೋದ್ಯಮ ಕಚೇರಿಗೆ ಹೋದಳು. ಸಾಹೇಬರು ಮೃದು ಸ್ವಭಾವದವರು; ಎಲ್ಲ ವಿಷಯದಲ್ಲೂ ಒಳ್ಳೆಯದೇ ಆಗಲಿ ಎಂದು ಬಯಸುವವರು, ಆದರೆ ಅದು ತಮ್ಮ ಮೇಜಿನಿಂದ ಸ್ವಲ್ಪ ದೂರದಲ್ಲಿ ಆಗಲಿ ಎನ್ನುವವರು.

"ಅಂಥವರಿಗೆ ಅಂತಾನೇ ನಾವು ವ್ಯವಸ್ಥೆ ಮಾಡಿದೀವಲ್ಲಮ್ಮ" ಎಂದರು. "ಮೇಲೆ ಕೂತು ಸಮುದ್ರ ನೋಡೋಕೆ ನೋಟದ ಕಟ್ಟೆ. ವೀಲ್‌ಚೇರಿನ ಚಿತ್ರ ಬರೆಸಿ ಬೋರ್ಡ್ ಹಾಕಿದೀವಿ, ಎಲ್ಲರಿಗೂ ಸ್ವಾಗತ ಅಂತ."

"ಅದಕ್ಕೆ ಮೆಟ್ಟಿಲು ಇದೆಯಲ್ಲ ಸಾರ್."

"ಎಷ್ಟಿದಾವೆ?"

"ಹದಿನೇಳು."

ಸಾಹೇಬರು ಸ್ವಲ್ಪ ಯೋಚಿಸಿದರು. "ಬೋರ್ಡು ಕೆಳಗೇ ಇದೆ ತಾನೇ? ಹತ್ತದೇನೇ ಕಾಣುತ್ತೆ."

ನೀರಿಗೆ ಬಿಡಬೇಡಿ ಎಂದಾದರೂ ಬರೆದು ಕೊಡಿ ಸಾರ್ ಎಂದು ಬೇಡಕ್ಕ ಕೇಳಿದರೆ, ಬರಹದಲ್ಲಿ ಏನೂ ಬೇಡ, ನೀವೇ ಏನೋ ಒಂದು ಹೇಳಿ ಕಳಿಸಿಬಿಡಿ ಎಂದರು. ಅವಳ ಜೀವಮಾನದಲ್ಲೇ ಬೆನ್ನ ಹಿಂದೆ ನಿಯಮವಿಲ್ಲದೆ "ಬೇಡ" ಅನ್ನಬೇಕಾಗಿ ಬಂದದ್ದು ಇದೇ ಮೊದಲು. ಮನೆಗೆ ಬರುವ ದಾರಿಯುದ್ದಕ್ಕೂ ಅವಳಿಗೆ ಕಸಿವಿಸಿ.

ಕೊನೆಗೆ ಅವಳೇ ಒಂದು ಉಪಾಯ ಮಾಡಿದಳು. ಉಪಾಯ ಸರಳವಾಗಿತ್ತು, ಅದೇ ಅದರ ದೋಷ. ಶನಿವಾರ ಬೆಳಿಗ್ಗೆ ನಾಲ್ಕು ಜನ ಗಟ್ಟಿ ಆಳುಗಳನ್ನು ಕರೆದಳು. ಇಬ್ಬರು ಜೊತೆಯ ಕಾವಲುಗಾರರು, ಇಬ್ಬರು ಬಲೆ ಎಳೆಯುವವರು. "ಆ ಕಡೆಯಿಂದ ಹಿಡ್ಕೊಳ್ಳಿ, ಹುಷಾರು, ಹುಷಾರು" ಎನ್ನುತ್ತ ಕುರ್ಚಿ ಸಮೇತ ಟೀಚರನ್ನು ಎತ್ತಿಸಿ ಮೆಟ್ಟಿಲಿಳಿಸಿ ಮರಳಿನಲ್ಲಿಡಿಸಿದಳು. ಚಕ್ರಗಳು ಅರ್ಧ ಹೂತವು. ತಳ್ಳಿದರು, ಇನ್ನರ್ಧ ಹೂತವು. ಮತ್ತೆ ಎತ್ತಿದರು. ಒಬ್ಬನ ಕೈ ಜಾರಿ ಕುರ್ಚಿ ವಾಲಿತು. ಅಷ್ಟರಲ್ಲಿ ದಂಡೆಯ ಮೇಲಿದ್ದವರೆಲ್ಲ ಸುತ್ತ ಸೇರಿದರು; ಯಾರೋ ಚಪ್ಪಾಳೆ ತಟ್ಟಿದರು, ಇನ್ಯಾರೋ ಫೋನಿನಲ್ಲಿ ಚಿತ್ರ ತೆಗೆಯಲು ಶುರುಮಾಡಿದರು.

"ನನ್ನನ್ನೇನು ಬೀರು ಅಂದ್ಕೊಂಡಿದೀರೇನ್ರೋ?" ಟೀಚರ್ ಗುಡುಗಿದರು. "ಇಳಿಸ್ರೋ ಕೆಳಗೆ!"

ತರಗತಿಯ ದನಿ ಅದು. ನಾಲ್ಕು ಜನರಲ್ಲಿ ಮೂವರು ಅವರ ಹಳೆಯ ವಿದ್ಯಾರ್ಥಿಗಳೇ. ತಕ್ಷಣ ಇಳಿಸಿಬಿಟ್ಟರು, ಇಳಿಸಬಾರದ ಜಾಗದಲ್ಲಿ. ನೀರಿಗೆ ಇನ್ನೂ ಮೂವತ್ತು ಹೆಜ್ಜೆ ಇತ್ತು. ಟೀಚರ್ ಬಟ್ಟೆಗೆಲ್ಲ ಮರಳು ಮೆತ್ತಿಕೊಂಡು, ಒಂದು ಹನಿ ಉಪ್ಪುನೀರೂ ಸೋಕದೆ ಮನೆಗೆ ಹೋದರು.

ನಾಲ್ಕು ದಿನ ಬರಲಿಲ್ಲ. ಬೇಡಕ್ಕ ಅಟ್ಟಣೆಯ ಮೇಲೆ ಕೂತು ನೀರು ನೋಡಬೇಕಾದವಳು ಹಿಂತಿರುಗಿ ಹಿಂತಿರುಗಿ ಸಿಮೆಂಟಿನ ದಾರಿ ನೋಡುತ್ತಿದ್ದಳು. ಐದನೇ ದಿನ ಕೆಲಸ ಮುಗಿಸಿ ಅವರ ಮನೆಗೇ ಹೋದಳು. ಬಾಗಿಲಲ್ಲಿ ತಂಗಿ ಸಣ್ಣ ದನಿಯಲ್ಲಿ, "ಅಕ್ಕ ಮಲಗಿದಾಳೆ" ಎಂದರು.

"ಮಲಗಿಲ್ಲ!" ಒಳಗಿಂದ ದನಿ ಬಂತು. "ಮುಖ ಊದಿಸ್ಕೊಂಡು ಕೂತಿದೀನಿ ಅಂತ ಹೇಳು ಅವಳಿಗೆ."

ಕೋಣೆಯ ತುಂಬ ಪುಸ್ತಕ, ಗೋಡೆಯ ಮೇಲೆ ಪ್ರಪಂಚದ ನಕಾಶೆ. ಬೇಡಕ್ಕ ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಕೂರು ಎನ್ನುವವರೆಗೆ ಕೂರುವ ಧೈರ್ಯ ಬರಲಿಲ್ಲ.

"ತಪ್ಪಾಯ್ತು ಟೀಚರ್."

"ಏನು ತಪ್ಪು, ಹೇಳು ನೋಡೋಣ."

"ನಾಲ್ಕು ಜನ ಸಾಲಲಿಲ್ಲ. ಆರು ಜನ ಬೇಕಿತ್ತು."

ಟೀಚರ್ ಹಣೆ ಚಚ್ಚಿಕೊಂಡರು. "ಅಯ್ಯೋ ಮಂಕೇ! ಆ ನಾಲ್ಕು ಜನರಿಗೆ ಎಲ್ಲಿ ಹಿಡೀಬೇಕು, ಎಲ್ಲಿ ಕಾಲಿಡಬೇಕು ಅಂತ ಎಲ್ಲ ಹೇಳ್ದೆ. ನನ್ನನ್ನ ಏನು ಕೇಳ್ದೆ?"

ಬೇಡಕ್ಕ ನೆನಪು ಮಾಡಿಕೊಂಡಳು. ಏನೂ ಕೇಳಿರಲಿಲ್ಲ.

"ಎರಡು ವರ್ಷದಿಂದ ಈ ಮೈಯಲ್ಲಿ ನಾನೇ ಇರೋದು. ಹಾಸಿಗೆಯಿಂದ ಕುರ್ಚಿಗೆ ನಾನೇ ಹೋಗ್ತೀನಿ, ಈ ಎರಡು ಕೈ ಇದಾವಲ್ಲ. ಹೇಗೆ ಹೋಗ್ತೀನಿ ಅಂತ ಒಂದು ಮಾತು ಕೇಳಿದ್ರೆ ಹೇಳ್ತಿದ್ದೆ. ಈಗ ಕೂತ್ಕೋ. ಚಹಾ ಕುಡಿ. ಮರಳಿನ ಮೇಲೆ ಹೂತುಹೋಗದೆ ಹೋಗೋದು ಏನಿದೆ ನಿಮ್ಮಲ್ಲಿ, ಅದನ್ನು ಹೇಳು."

ಅವಳಿಗೆ ತಕ್ಷಣ ನೆನಪಾದದ್ದು ಗಂಡನ ದೋಣಿಬಂಡಿ. ಕಟ್ಟಿ ಮುಗಿಸಿದ ದೋಣಿಯನ್ನು ಶೆಡ್ಡಿನಿಂದ ನೀರಿಗೆ ಉರುಳಿಸಿಕೊಂಡು ಹೋಗುವ ಬಂಡಿ. ಅದರ ಗಾಲಿಗಳು ಕುಂಬಳಕಾಯಿಯ ಹಾಗೆ ಊದಿಕೊಂಡಿದ್ದವು. ಟನ್ ಭಾರ ಹೊತ್ತರೂ ಮರಳಿನಲ್ಲಿ ಇಳಿಯುತ್ತಿರಲಿಲ್ಲ. ಇಷ್ಟು ವರ್ಷ ಕಣ್ಣೆದುರೇ ಇತ್ತು.

"ನೋಡೋಣ" ಎಂದ ಗಂಡ. ಮರುದಿನ ಟೀಚರ ಮನೆಗೆ ಹೋಗಿ ಅಳತೆ ಪಟ್ಟಿ ಬಿಚ್ಚಿದ. ಮೊದಲು ಅವರನ್ನೇ ಕೇಳಿದ, ಎಲ್ಲಿಂದ ಎಲ್ಲಿಗೆ ಅಳೀಲಿ ಎಂದು. ಬೇಡಕ್ಕನಿಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು. ಇವನಿಗೆ ಇದನ್ನು ಯಾರು ಹೇಳಿಕೊಟ್ಟರು?

ಮೂರು ವಾರ ಶೆಡ್ಡಿನಲ್ಲಿ ಕೆಲಸ ನಡೆಯಿತು. ತುಕ್ಕು ಹಿಡಿಯದ ಕೊಳವೆಗಳ ಚೌಕಟ್ಟು, ದಪ್ಪ ಬಲೆಯಿಂದ ಹೆಣೆದ ಆಸನ, ಮೂರು ಊದಿದ ಗಾಲಿ, ಎರಡೂ ತೋಳಿನ ಕೆಳಗೆ ಬಲೆಗೆ ಕಟ್ಟುವಂಥ ತೇಲುವ ಬುರುಡೆಗಳು. ಮೊದಲ ದಿನ ಖಾಲಿ ಕುರ್ಚಿಯನ್ನು ನೀರಿಗೆ ಬಿಟ್ಟರು. ಅದು ತನಗೇನೋ ತುರ್ತು ಕೆಲಸವಿದೆ ಎಂಬಂತೆ ಸೀದಾ ಆಳದ ಕಡೆ ಹೊರಟು, ಒಂದು ಅಲೆಗೆ ಸಿಕ್ಕಿ ಗಾಲಿ ಮೇಲಾಗಿ ತಿರುಗಿ ಬಂತು. ಗಂಡ ಬುರುಡೆ ಹಿಂದಕ್ಕೆ ಸರಿಸಿದ. ಗಾಲಿಯ ಗಾಳಿ ಇಳಿಸಿದ. ಎರಡನೇ ಸಲ ನೆಟ್ಟಗೆ ನಿಂತಿತು.

"ಈಗ ಜನ ಕೂತು ನೋಡ್ಬೇಕು" ಎಂದ. "ನೀನು ಕೂತ್ಕೋ."

"ಬೇಡ ರೀ."

"ಟೀಚರನ್ನ ಕೂರಿಸೋಕೆ ಮುಂಚೆ ಯಾರಾದ್ರೂ ಕೂರಬೇಕಲ್ಲ. ನಾನು ತಳ್ಳಬೇಕು. ಇನ್ನು ಉಳಿದವಳು ನೀನೇ."

ಭಾನುವಾರ ಬೆಳಿಗ್ಗೆ ಬೇಡಕ್ಕ ಸಮವಸ್ತ್ರ ಬಿಟ್ಟು, ಟೋಪಿ ಬಿಟ್ಟು, ಕುರ್ಚಿಯಲ್ಲಿ ಕೂತಳು. ಗಂಡ ತಳ್ಳಿದ. ಶೆಡ್ಡಿನಿಂದ ನೀರಿಗೆ ಇನ್ನೂರು ಹೆಜ್ಜೆ. ಆ ಇನ್ನೂರು ಹೆಜ್ಜೆಯಲ್ಲಿ ಅವಳು ಕಲಿತದ್ದು ಇಪ್ಪತ್ತನಾಲ್ಕು ವರ್ಷ ಅಟ್ಟಣೆಯ ಮೇಲೆ ಕೂತು ಕಲಿತಿರಲಿಲ್ಲ.

ಮೊದಲು ಚಹಾದವನು ಸಿಕ್ಕಿದ. ದಿನಾ ಅವಳನ್ನು ಕಂಡರೆ ಹೆದರಿ ಡಬ್ಬಿ ಸರಿಸಿಕೊಳ್ಳುವ ಮನುಷ್ಯ, ಟೋಪಿಯಿಲ್ಲದ ಅವಳ ಗುರುತು ಹಿಡಿಯದೆ ಗಂಡನನ್ನು ಕೇಳಿದ, "ಅಮ್ಮಾವ್ರಿಗೆ ಸಕ್ಕರೆ ಹಾಕ್ಬಹುದಾ?"

"ನನಗೆ ಬಾಯಿ ಇಲ್ವೇನಯ್ಯ?" ಎಂದಳು ಬೇಡಕ್ಕ.

ಚಹಾದವನು ಬೆಚ್ಚಿಬಿದ್ದು ಎರಡು ಚಮಚ ಹೆಚ್ಚೇ ಹಾಕಿದ. ಆಮೇಲೆ ಇಬ್ಬರು ಹೆಂಗಸರು ಹಾದುಹೋದರು. "ಪಾಪ, ನೋಡು, ಗಂಡ ಎಷ್ಟು ಒಳ್ಳೆಯವನು" ಎಂದು ಅವಳಿಗೆ ಕೇಳಿಸುವಷ್ಟು ಗಟ್ಟಿಯಾಗಿ ಪಿಸುಗುಟ್ಟಿದರು. ಇಪ್ಪತ್ತೇಳು ವರ್ಷ ಅವನ ಬಟ್ಟೆಯಿಂದ ಮರದ ಹೊಟ್ಟು ಕೊಡವಿದವಳಿಗೆ ಅದನ್ನು ಕೇಳಿ ಮೈಯೆಲ್ಲ ಉರಿಯಿತು. ತಿರುಗಿ ನೋಡಿದರೆ ಒಳ್ಳೆಯ ಗಂಡ ತುಟಿ ಕಚ್ಚಿಕೊಂಡು ನಗು ತಡೆಯುತ್ತಿದ್ದ.

ನೀರು ಬಂತು. ಮೊದಲ ಅಲೆ ಕುರ್ಚಿಯ ಮುಂಭಾಗವನ್ನು ಎತ್ತಿತು. ಕಾಲು ಮೇಲೆ, ತಲೆ ಕೆಳಗೆ, ಹಿಡಿಯಲು ಏನೂ ಇಲ್ಲ, ತಳ್ಳುವವನು ಬೆನ್ನ ಹಿಂದೆ ಎಲ್ಲೋ. ಐವತ್ತೆಂಟು ಜನರನ್ನು ಕಾಪಾಡಿದವಳು ಮೊಣಕಾಲುದ್ದ ನೀರಿನಲ್ಲಿ "ಬೇಡಾ ರೀ! ಬೇಡ, ಬೇಡ!" ಎಂದು ದಂಡೆಯೆಲ್ಲ ಕೇಳುವ ಹಾಗೆ ಕಿರುಚಿದಳು. ದಂಡೆಯ ಮೇಲೆ ಅವಳ ಗುರುತು ಎಲ್ಲರಿಗೂ ಸಿಕ್ಕಿದ್ದು ಆಗಲೇ. ಜೊತೆಯ ಕಾವಲುಗಾರರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಿರುಚಿ ಮುಗಿದ ಮೇಲೆ ಅವಳಿಗೂ ನಗು ಬಂತು. ಎರಡನೇ ಅಲೆ, ಮೂರನೇ ಅಲೆ; ಕುರ್ಚಿ ತೊಟ್ಟಿಲಿನ ಹಾಗೆ ಏರಿ ಇಳಿಯಿತು. ಯಾರನ್ನೂ ಹುಡುಕಬೇಕಾಗಿಲ್ಲದೆ, ಯಾರ ಕೂದಲನ್ನೂ ಹಿಡಿದು ಎಳೆಯಬೇಕಾಗಿಲ್ಲದೆ ಸುಮ್ಮನೆ ಸಮುದ್ರದಲ್ಲಿ ಕೂತಿದ್ದು ಅವಳ ಬದುಕಿನಲ್ಲಿ ಅದೇ ಮೊದಲು. ಗಂಡ ಎಳೆದು ತರಲು ಬಂದಾಗ, ಇನ್ನೊಂದು ಸ್ವಲ್ಪ ಹೊತ್ತು ಇರಲಿ ಬಿಡಿ ಎಂದಳು.

ಮನೆಗೆ ಬಂದು ಕಾಗದದ ಮೇಲೆ ಬರೆದಳು. ಕೈ ಹಿಡಿಕೆ ಇನ್ನೂ ಮುಂದೆ ಬೇಕು. ಎದೆಪಟ್ಟಿಯ ಕೊಕ್ಕೆ ಕೂತವರೇ ಬಿಚ್ಚುವ ಹಾಗಿರಬೇಕು. ನೀರಿನಲ್ಲಿ ಹಿಡಿಯುವವರು ಹಿಂದೆ ನಿಲ್ಲಬಾರದು, ಕೂತವರ ಕಣ್ಣಿಗೆ ಕಾಣುವಂತೆ ಪಕ್ಕದಲ್ಲಿ ನಿಲ್ಲಬೇಕು. ಚಹಾದವನಿಗೆ ಬುದ್ಧಿ ಹೇಳಬೇಕು.

ಇನ್ನು ಉಳಿದದ್ದು ಐದು ಮೆಟ್ಟಿಲು. ಗಂಡ ಮೆಟ್ಟಿಲ ಪಕ್ಕದಲ್ಲಿ ಹಲಗೆಯ ಇಳಿಜಾರು ಕಟ್ಟಿದ. ಟೀಚರ್ ಬಂದು ತುದಿಯಲ್ಲಿ ಕುರ್ಚಿ ನಿಲ್ಲಿಸಿ ನೋಡಿದರು. "ಇದು ಇಳಿಜಾರಲ್ಲ ಕಣಪ್ಪ, ಜಲಪಾತ" ಎಂದರು. "ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು. ನಾನೇ ಇಳಿದು ನಾನೇ ಹತ್ತೋ ಹಾಗಿರ್ಬೇಕು." ಅವನು ಕಿವಿಯಿಂದ ಪೆನ್ಸಿಲ್ ತೆಗೆದು ಲೆಕ್ಕ ಹಾಕಿದ: ಮೂವತ್ತು ಅಡಿ. ಬಿಚ್ಚಿ ಮತ್ತೆ ಕಟ್ಟಿದ, ನಡುವೆ ಒಂದು ತಿರುವು ಕೊಟ್ಟ. ಅಲ್ಲಿಂದ ನೀರಿನ ತನಕ ತೆಳು ಹಲಗೆ ಪಟ್ಟಿಗಳನ್ನು ಹಗ್ಗದಿಂದ ಹೆಣೆದ ಉದ್ದನೆಯ ಚಾಪೆ. ಸಂಜೆ ಸುತ್ತಿಟ್ಟರೆ ಬೆಳಿಗ್ಗೆ ಬಿಚ್ಚಬಹುದು. ಕಚೇರಿಯ ಅನುಮತಿ ಕೇಳಿದಿರಾ ಎಂದು ಬೇಡಕ್ಕ ಕೇಳಲಿಲ್ಲ. ನಿಯಮದ ಫಲಕದಲ್ಲಿ ಇಳಿಜಾರಿನ ಬಗ್ಗೆ ಏನೂ ಇರಲಿಲ್ಲ, ಅವಳು ನೋಡಿಕೊಂಡಿದ್ದಳು.

ಗುರುವಾರ, ಇಳಿತದ ಹೊತ್ತು, ಗಾಳಿ ಇಲ್ಲ. ಟೀಚರ್ ತೇಲುವ ಅಂಗಿ ತೊಟ್ಟು ಬಂದರು. ಇಳಿಜಾರನ್ನು ತಾವೇ ಇಳಿದರು. ಚಾಪೆಯ ತುದಿಯಲ್ಲಿ ಎರಡು ಕುರ್ಚಿಗಳನ್ನು ಒಂದಕ್ಕೊಂದು ತಾಗಿಸಿ ನಿಲ್ಲಿಸಿದ್ದಾಯಿತು.

"ಎಲ್ಲಿ ಹಿಡೀಲಿ ಟೀಚರ್?"

"ನನ್ನನ್ನ ಹಿಡೀಬೇಡ. ಕುರ್ಚಿ ಅಲ್ಲಾಡದ ಹಾಗೆ ಹಿಡಿ, ಸಾಕು."

ನಡುವೆ ನುಣುಪಾದ ಹಲಗೆಯೊಂದನ್ನು ಇಟ್ಟುಕೊಂಡು, ಎರಡೂ ಕೈ ಊರಿ, ಒಂದೇ ಜಾರಿಗೆ ಟೀಚರ್ ಈ ಕುರ್ಚಿಯಿಂದ ಆ ಕುರ್ಚಿಗೆ ಹೋದರು. ನಾಲ್ಕು ಗಟ್ಟಿ ಆಳುಗಳು ಅಂದು ಮಾಡಲಾಗದ್ದು ಹತ್ತೆಣಿಸುವುದರೊಳಗೆ ಆಯಿತು.

ನೀರು ಪಾದ ಮುಟ್ಟಿತು. ಅದು ಅವರಿಗೆ ತಿಳಿಯಲಿಲ್ಲ, ಕಣ್ಣಲ್ಲಿ ನೋಡಿದರು. ಸೊಂಟ ದಾಟಿ ಹೊಟ್ಟೆಗೆ ಬಂದಾಗ "ಹಾ" ಎಂದು ಉಸಿರೆಳೆದರು. ಕುರ್ಚಿ ತೇಲಿತು. ಬೇಡಕ್ಕ ಪಕ್ಕದಲ್ಲಿ ಎದೆಯುದ್ದ ನೀರಿನಲ್ಲಿ, ಗಂಡ ಇನ್ನೊಂದು ಪಕ್ಕದಲ್ಲಿ. ಒಂದು ದೊಡ್ಡ ಅಲೆ ಕೇಳದೆ ಹೇಳದೆ ಬಂದು ಟೀಚರ ಮುಖಕ್ಕೇ ಅಪ್ಪಳಿಸಿತು. ಬೇಡಕ್ಕ ಕುರ್ಚಿಯನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದಳು.

ಟೀಚರ್ ಕಣ್ಣು ಒರೆಸಿಕೊಂಡು, ತುಟಿ ಸವರಿಕೊಂಡರು.

"ಉಪ್ಪು."

"ಹೌದು ಟೀಚರ್. ಉಪ್ಪೇ."

"ಮೂವತ್ತೊಂದು ವರ್ಷ ಹೇಳಿಕೊಟ್ಟೆ. ಇಷ್ಟೊಂದು ಅಂತ ಗೊತ್ತಿರಲಿಲ್ಲ ಕಣೇ."

ಆಮೇಲೆ ಅವರು ನಗತೊಡಗಿದರು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತೋ, ಅದೂ ಸಮುದ್ರದ್ದೋ, ಬೇಡಕ್ಕ ವಿಚಾರಿಸಲು ಹೋಗಲಿಲ್ಲ. ಅವಳ ಕಣ್ಣಿಗೂ ಏನೋ ಬಿದ್ದಿತ್ತು. ದಡದಲ್ಲಿ ನಿಂತಿದ್ದ ತಂಗಿ, "ಅಕ್ಕಾ, ಸಾಕು, ನೆಗಡಿ ಆಗುತ್ತೆ!" ಎಂದು ಕೂಗುತ್ತಲೇ ಇದ್ದವರು, ಇದ್ದಕ್ಕಿದ್ದ ಹಾಗೆ ಕೊಡೆ ಬಿಸಾಕಿ ಹಾಕಿದ ಬಟ್ಟೆಯಲ್ಲೇ ನೀರಿಗೆ ನಡೆದುಬಂದು ಅಕ್ಕನ ಕೈ ಹಿಡಿದುಕೊಂಡರು. ಎರಡು ವರ್ಷದಲ್ಲಿ ತಂಗಿಯನ್ನೂ ಯಾರೂ ಎಲ್ಲಿಗಾದರೂ ಹೋಗೋಣವಾ ಎಂದು ಕೇಳಿರಲಿಲ್ಲ, ಅದು ಅವರ ಮುಖ ನೋಡಿದ ಮೇಲೆ ಬೇಡಕ್ಕನಿಗೆ ಹೊಳೆಯಿತು. ಮುಕ್ಕಾಲು ಗಂಟೆಯಾಯಿತು, ಜಪ್ಪಯ್ಯ ಅಂದರೂ ಇಬ್ಬರೂ ಮೇಲೆ ಬರಲಿಲ್ಲ. ಕೊನೆಗೆ ಸೀಟಿ ಊದಿ ಹೊರಗೆ ಕರೆಯಬೇಕಾಯಿತು.

ಸುದ್ದಿ ಹರಡಿತು. ಮುಂದಿನ ತಿಂಗಳು ಸಾಹೇಬರು ಛಾಯಾಗ್ರಾಹಕನನ್ನು ಕರೆದುಕೊಂಡು ಉದ್ಘಾಟನೆಗೆ ಬಂದರು. ಇಳಿಜಾರಿಗೆ ಅಡ್ಡಲಾಗಿ ರಿಬ್ಬನ್ ಕಟ್ಟಿಸಿದ್ದರು. ನಿಂತವರಿಗೆ ಅದು ಸೊಂಟದ ಮಟ್ಟಕ್ಕೆ, ಟೀಚರಿಗೆ ಸರಿಯಾಗಿ ಮೂಗಿನ ಮಟ್ಟಕ್ಕೆ.

"ನಮ್ಮ ದಂಡೆ ಈಗ ಎಲ್ಲರದೂ" ಎಂದು ಸಾಹೇಬರು ಭಾಷಣ ಮುಗಿಸಿದರು.

"ಬಹಳ ಸಂತೋಷ" ಎಂದರು ಟೀಚರ್. "ಈಗ ನಾನು ಶೌಚಾಲಯಕ್ಕೆ ಹೋಗ್ಬೇಕು. ಸ್ವಲ್ಪ ನನ್ನ ಜೊತೆ ಬರ್ತೀರಾ?"

ಸಾಹೇಬರು ಗಲಿಬಿಲಿಯಾದರೂ ಜೊತೆಗೆ ಹೋದರು. ಬಾಗಿಲು ಇಪ್ಪತ್ತನಾಲ್ಕು ಅಂಗುಲ, ಕುರ್ಚಿ ಇಪ್ಪತ್ತಾರು. ಟೀಚರ್ ಬಾಗಿಲಿಗೆ ಕುರ್ಚಿ ತಾಗಿಸಿ ನಿಲ್ಲಿಸಿ, ಅವರ ಮುಖ ನೋಡಿದರು. ಛಾಯಾಗ್ರಾಹಕ ಅಭ್ಯಾಸಬಲದಿಂದ ಅದರದ್ದೂ ಒಂದು ಚಿತ್ರ ತೆಗೆದ. ಎರಡು ತಿಂಗಳಲ್ಲಿ ಬಾಗಿಲು ಅಗಲವಾಯಿತು. ಒಳಗೆ ಹಿಡಿಕೆಗಳೂ ಬಂದವು. ಸಾಹೇಬರು ಕೆಟ್ಟವರಲ್ಲ; ಅವರನ್ನು ಆ ಬಾಗಿಲ ತನಕ ಯಾರೂ ಕರೆದುಕೊಂಡು ಹೋಗಿರಲಿಲ್ಲ, ಅಷ್ಟೆ.

ಜನ ಬರತೊಡಗಿದರು. ಒಬ್ಬ ಕುರುಡ ಸಂಗೀತ ಮೇಷ್ಟ್ರು ಬಂದು, ಚಾಪೆಯ ಅಂಚಿಗೆ ಹಗ್ಗ ಕಟ್ಟಿದರೆ ಯಾರ ಕೈಯೂ ಹಿಡಿಯದೆ ನಾನೇ ನೀರಿಗೆ ಹೋಗಬಲ್ಲೆ ಎಂದರು. ಹಗ್ಗ ಕಟ್ಟಿದರು. ಕಿವಿ ಕೇಳದ ಗಂಡಹೆಂಡತಿ ಬಂದಾಗ ಬೇಡಕ್ಕನ ಗತಿ ನೋಡಬೇಕಿತ್ತು. ಅವರಿಬ್ಬರೂ ಈಜುವ ಗಡಿ ತೋರಿಸುವ ತೇಲುಬುರುಡೆ ದಾಟಿ ಹೋದರು. ಇವಳು ಕೆನ್ನೆ ಊದಿಸಿ ಊದಿಸಿ ಸೀಟಿ ಊದಿದಳು, ನೀರಿನಲ್ಲಿದ್ದ ಬೇರೆ ಎಲ್ಲರೂ ಗಾಬರಿಯಿಂದ ಹೊರಬಂದರು, ಆ ಇಬ್ಬರನ್ನು ಬಿಟ್ಟು. ಕೊನೆಗೆ ಈಜಿ ಹೋಗಿ ಭುಜ ತಟ್ಟಿದಳು. ದಡಕ್ಕೆ ಬಂದ ಮೇಲೆ ಆ ಹೆಂಗಸು ಮರಳಿನ ಮೇಲೆ ಬರೆದು ತೋರಿಸಿದಳು: ಬಾವುಟ ಇಡಿ. ಮರುದಿನವೇ ಕಿತ್ತಳೆ ಬಣ್ಣದ ಬಾವುಟ ಬಂತು. ಅವರು ಉಳಿದ ಮೂರು ದಿನದಲ್ಲಿ ಅವಳಿಗೆ ಕೈಸನ್ನೆಯ ಹತ್ತು ಮಾತು ಕಲಿಸಿದರು. ಮೊದಲು ಯಾವ ಮಾತು ಕಲಿಯುತ್ತೀರಿ ಎಂದು ಕೇಳಿದ್ದಕ್ಕೆ ಅವಳು ಏನೆಂದಳು ಎಂದು ಹೇಳುವ ಅಗತ್ಯವಿಲ್ಲ.

ಒಂಟಿ ಕಾಲಿನ ಮನುಷ್ಯನ ಕಥೆಯನ್ನು ಅವಳೇ ಎಲ್ಲರಿಗೂ ಹೇಳುತ್ತಾಳೆ. ಮರದ ಕಾಲನ್ನು ಚಾಪೆಯ ಮೇಲೆ ಬಿಚ್ಚಿಟ್ಟು ನೀರಿಗಿಳಿದವನು ಮೀನಿನ ಹಾಗೆ ಈಜಿ ಬಂಡೆಗಳ ಕಡೆ ಹೊರಟೇಬಿಟ್ಟ. ಬೇಡಕ್ಕ ಸೀಟಿ ಊದಿ, ಬಾವುಟ ಬೀಸಿ, ಹಿಂದೆ ಈಜಿ, ಹಿಡಿದು ತಂದು, ದಂಡೆಯ ಮೇಲೆ ನೂರು ಜನರೆದುರು ನಿಲ್ಲಿಸಿ ಉಗಿದಳು. "ಬುದ್ಧಿ ಇದೆಯೇನ್ರೀ? ಬಂಡೆ ಹತ್ರ ಸುಳಿ ಇದೆ ಅಂತ ಬೋರ್ಡಿನಲ್ಲಿ ಬರೆದಿದ್ದು ಯಾರಿಗೆ? ಇನ್ನೊಂದ್ಸಲ ಗಡಿ ದಾಟಿದ್ರೆ ಈ ಸೀಸನ್ ಪೂರ್ತಿ ನೀರಿಗೆ ಬಿಡಲ್ಲ!" ಸುತ್ತ ಇದ್ದವರು, ಪಾಪ, ಅಂಥವರಿಗೆ ಹೀಗಾ ಬೈಯೋದು ಎಂದು ಮೂಗು ಮುರಿದರು. ಆ ಮನುಷ್ಯ ಮಾತ್ರ ನೀರು ಸುರಿಸುತ್ತ ಹಲ್ಲು ಕಿರಿದು ನಿಂತಿದ್ದ. ಹೆಂಡತಿಯ ಹತ್ತಿರ ಹೋಗಿ, "ಕೇಳಿಸ್ಕೊಂಡ್ಯೇನೇ? ಕಾಲು ಹೋದಾಗಿಂದ ನನಗೆ ಹೀಗೆ ಒಬ್ಬರೂ ಬೈದಿರಲಿಲ್ಲ!" ಎಂದು ಹೇಳಿದನಂತೆ. ಅವನು ಈಗ ಪ್ರತಿ ವರ್ಷ ಬರುತ್ತಾನೆ. ವರ್ಷಕ್ಕೊಮ್ಮೆಯಾದರೂ ಗಡಿ ದಾಟುತ್ತಾನೆ, ಬೇಕೆಂದೇ.

ಈಗ ದಂಡೆಯಲ್ಲಿ ಮೂರು ತೇಲುಕುರ್ಚಿಗಳಿವೆ. ಬೇಡಕ್ಕನಿಗೆ ನಿವೃತ್ತಿಗೆ ಇನ್ನು ಮೂರೇ ವರ್ಷ. ಬೇರೆ ದಂಡೆಗಳ ಕಾವಲುಗಾರರು ಕಲಿಯಲು ಬಂದರೆ ಮೊದಲ ದಿನ ಅವರಿಗೆ ಪಾಠವಿಲ್ಲ. ಕುರ್ಚಿಯಲ್ಲಿ ಕೂತು ಚಹಾ ಅಂಗಡಿಗೆ ಹೋಗಿ ಬರಬೇಕು, ಅಷ್ಟೆ. ಚಹಾದವನು ಬುದ್ಧಿ ಕಲಿತು ಬಹಳ ಕಾಲವಾಗಿದೆ. ಕಲಿಯಲು ಬಂದವರಿಗೋಸ್ಕರ ಹಳೆಯ ಹಾಗೇ ಕೇಳಬೇಕೆಂದು ಅವನಿಗೆ ತಾಕೀತಾಗಿದೆ. ಅವನು ಅದನ್ನು ನಾಚಿಕೊಂಡೇ ಮಾಡುತ್ತಾನೆ.

ಕಳೆದ ಚಳಿಗಾಲದಲ್ಲಿ ಟೀಚರ್ ಹೊಸ ವರಾತ ತೆಗೆದರು. ದಡದಿಂದ ದೂರದಲ್ಲಿ ಒಂದು ದೊಡ್ಡ ಕರಿ ಬಂಡೆ ಕಾಣುತ್ತದೆ. ಅದರ ಆ ಬದಿಯಲ್ಲಿ ಏನಿದೆ ಎಂದು ಅವರಿಗೆ ನೋಡಬೇಕಿತ್ತು. ಬಡಗಿ ಒಂದು ದೋಣಿಯ ಪಕ್ಕದ ಹಲಗೆ ಕೊಯ್ದು ಬಾಗಿಲು ಮಾಡಿದ, ಒಳಗೆ ಕುರ್ಚಿ ಕಚ್ಚಿ ನಿಲ್ಲುವ ಕೊಕ್ಕೆ ಇಟ್ಟ. ಒಂದು ಬೆಳಿಗ್ಗೆ ನಾಲ್ವರೂ ಹೋದರು. ತಂಗಿಗೆ ದಾರಿಯುದ್ದಕ್ಕೂ ಹೊಟ್ಟೆ ತೊಳಸಿತು.

ಬಂಡೆಯ ಆ ಬದಿಯಲ್ಲಿ ಏನೂ ಇರಲಿಲ್ಲ. ಹಕ್ಕಿಗಳು ಇದ್ದವು, ನೂರಾರು ವರ್ಷಗಳಿಂದ ಅವು ಹಾಕಿದ ಹಿಕ್ಕೆ ಇತ್ತು, ಮೂಗು ಮುಚ್ಚಿಕೊಳ್ಳುವಂಥ ವಾಸನೆ ಇತ್ತು.

"ಇಷ್ಟೇ ಟೀಚರ್" ಎಂದಳು ಬೇಡಕ್ಕ ಪೆಚ್ಚಾಗಿ. "ಮೊದಲೇ ಹೇಳ್ಬಹುದಿತ್ತು ನಾನು. ನೂರು ಸಲ ನೋಡಿದೀನಿ."

"ನೀನು ನೋಡಿದೀಯ. ನಾನು ನೋಡಿರಲಿಲ್ಲ" ಎಂದು ಟೀಚರ್ ಕನ್ನಡಕ ಒರೆಸಿ ಹಾಕಿಕೊಂಡರು. ಮೂಗಿಗೆ ಕರ್ಚೀಫು ಹಿಡಿದುಕೊಂಡೇ ಹಕ್ಕಿಗಳನ್ನು ಒಂದೊಂದಾಗಿ ಎಣಿಸಲು ಶುರುಮಾಡಿದರು. ನೂರಾ ಹನ್ನೆರಡಕ್ಕೆ ಬಂದಾಗ ತಂಗಿ, "ಅಕ್ಕಾ, ಇನ್ನು ನನ್ನ ಕೈಲಾಗಲ್ಲ" ಎಂದು ದೋಣಿಯ ಅಂಚಿಗೆ ಬಗ್ಗಿದರು. ಆ ಸದ್ದಿಗೆ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದು ಹಾರಿದವು, ಲೆಕ್ಕ ತಪ್ಪಿತು.